ಗಾಯ ಮಾಯ್ದ ಮೇಲೂ ಆರದ ಉರಿ



ಬೈಕಿನಿಂದ ಬಿದ್ದವನ ತಲೆಯ ಹೊಲಿಗೆ ಬಿಚ್ಚಿದ ದಿನ ಮನೆಯವರೆಲ್ಲ ‘ಸದ್ಯ, ಗಂಡಾಂತರ ಕಳೆಯಿತು’ ಎನ್ನುತ್ತಾರೆ. ಆರು ತಿಂಗಳು ಕಳೆದ ಮೇಲೆ ಅವನಿಗೆ ಸಣ್ಣ ಮಾತಿಗೂ ಸಿಟ್ಟು. ಹೇಳಿದ್ದು ನೆನಪಿರುವುದಿಲ್ಲ, ಕೆಲಸಕ್ಕೆ ಕೂತರೆ ಮನಸ್ಸು ನಿಲ್ಲುವುದಿಲ್ಲ. ಆಗ ಅದೇ ಮನೆಯವರು ಅವನನ್ನು ಸೋಮಾರಿ ಎಂದು ಬೈಯುತ್ತಾರೆ. ಅವನ ಸೋಮಾರಿತನಕ್ಕೆ ಮಿದುಳಿನೊಳಗೇ ಕಾರಣವಿರಬಹುದು ಎಂದು ತಿಳಿಯಲು ವೈದ್ಯಶಾಸ್ತ್ರಕ್ಕೂ ಬಹಳ ಕಾಲ ಹಿಡಿಯಿತು.

ಈ ಕತೆ ಶುರುವಾಗುವುದು 1919ರ ಮ್ಯಾಡ್ರಿಡ್ ನಗರದಲ್ಲಿ. ಪಿಯೊ ದೆಲ್ ರಿಯೊ ಹೊರ್ತೆಗಾ ಎಂಬ ಸ್ಪೇನಿನ ವಿಜ್ಞಾನಿ ಬೆಳ್ಳಿಯ ಲವಣದಿಂದ ಮಿದುಳಿನ ತೆಳು ಹೋಳುಗಳಿಗೆ ಬಣ್ಣ ಕಟ್ಟಿ, ಅದುವರೆಗೆ ಯಾರೂ ಸರಿಯಾಗಿ ಗುರುತಿಸದ ಪುಟ್ಟ ಕೋಶಗಳನ್ನು ಕಂಡರು. ಅವಕ್ಕೆ ಮೈಕ್ರೊಗ್ಲಿಯಾ ಎಂದು ಹೆಸರಿಟ್ಟರು. ಸುಮ್ಮನಿರುವಾಗ ಇವು ಕವಲು ಕವಲಾದ ಕೈಗಳನ್ನು ಚಾಚಿಕೊಂಡಿರುತ್ತವೆ. ಪೆಟ್ಟು ಬಿದ್ದರೆ ಕೈ ಮಡಚಿ, ದುಂಡಗಾಗಿ, ಗಾಯದ ಕಡೆ ಸಾಗಿ ಸತ್ತ ಕೋಶಗಳ ಕಸವನ್ನು ನುಂಗುತ್ತವೆ. ಮಿದುಳಿನ ಉರಿಯೂತದಲ್ಲಿ ಮುಖ್ಯ ಪಾತ್ರ ಇವುಗಳದ್ದೇ. ಮರುವರ್ಷವೇ ಗುರು ಕಹಾಲ್ ಅವರ ಪ್ರಯೋಗಶಾಲೆಯಿಂದ ಹೊರ್ತೆಗಾ ಹೊರಬೀಳಬೇಕಾಯಿತು. ದೊಡ್ಡವರ ನಡುವೆಯೂ ಜಗಳ ಇರುತ್ತದೆ!

ಮುಂದೆ ಸ್ಪೇನಿನ ಅಂತರ್ಯುದ್ಧ ಅವರನ್ನು ದೇಶ ಬಿಡಿಸಿತು. ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ಆಶ್ರಯ ಕೊಟ್ಟವರು ನರಶಸ್ತ್ರತಜ್ಞ ಹ್ಯೂ ಕೇರ್ನ್ಸ್. 1935ರ ಮೇ ತಿಂಗಳಲ್ಲಿ ಮೋಟಾರ್ ಸೈಕಲ್‌ನಿಂದ ಬಿದ್ದು, ಆರನೇ ದಿನ ಪ್ರಜ್ಞೆ ಮರಳದೆಯೇ ತೀರಿಕೊಂಡ ಟಿ. ಇ. ಲಾರೆನ್ಸ್ ಅವರನ್ನು ನೋಡಿದ ವೈದ್ಯರಲ್ಲಿ ಈ ಕೇರ್ನ್ಸ್ ಕೂಡ ಒಬ್ಬರು. ಲಾರೆನ್ಸ್ ಹೆಲ್ಮೆಟ್ ಹಾಕಿರಲಿಲ್ಲ. 1941ರಲ್ಲಿ ಕೇರ್ನ್ಸ್ ಹೆಲ್ಮೆಟ್‌ನ ಪ್ರಯೋಜನವನ್ನು ಲೆಕ್ಕ ಸಮೇತ ಬರೆದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ಪೊಲೀಸರನ್ನು ಕಂಡಾಗ ಮಾತ್ರ ತಲೆಗೇರುವ ನಮ್ಮ ಹೆಲ್ಮೆಟ್‌ನ ಹಿಂದೆ ಇಷ್ಟು ಚರಿತ್ರೆ ಇದೆ.

ಆದರೆ ಉರಿಯೂತ ಕೆಲವು ವಾರಗಳಲ್ಲಿ ಆರಿಹೋಗುತ್ತದೆ ಎಂಬ ನಂಬಿಕೆ ಉಳಿದೇ ಇತ್ತು. 2011ರಲ್ಲಿ ಲಂಡನ್ನಿನ ಸಂಶೋಧಕರು ತಲೆಗೆ ಪೆಟ್ಟಾಗಿದ್ದ ಹತ್ತು ಮಂದಿಯನ್ನು ಪೆಟ್ ಸ್ಕ್ಯಾನ್‌ಗೆ ಒಳಪಡಿಸಿದರು. ಗಾಯವಾಗಿ ಹನ್ನೊಂದು ತಿಂಗಳಿಂದ ಹದಿನೇಳು ವರ್ಷ ಕಳೆದಿದ್ದರೂ ಮೈಕ್ರೊಗ್ಲಿಯಾ ಎಚ್ಚರವಾಗಿಯೇ ಇದ್ದವು, ಅದೂ ಪೆಟ್ಟು ಬಿದ್ದ ಜಾಗದಿಂದ ದೂರದಲ್ಲಿ, ಮಿದುಳಿನ ಆಳದ ಥಾಲಮಸ್‌ನಲ್ಲಿ. 2013ರಲ್ಲಿ ಗ್ಲಾಸ್ಗೊದ ಸಂಗ್ರಹದಲ್ಲಿದ್ದ ಮಿದುಳುಗಳ ಪರೀಕ್ಷೆಯ ಫಲಿತಾಂಶ ಬಂತು. ಒಂದೇ ಒಂದು ದೊಡ್ಡ ಪೆಟ್ಟು ತಿಂದು, ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದ್ದವರಲ್ಲಿ ಶೇ. 28ರಷ್ಟು ಮಂದಿಯಲ್ಲಿ ಉರಿಯೂತದ ಗುರುತು ದಟ್ಟವಾಗಿತ್ತು. ಕೆಲವರಲ್ಲಿ ಹದಿನೆಂಟು ವರ್ಷಗಳ ಮೇಲೂ. ಮಿದುಳಿನ ಎಡಬಲಗಳನ್ನು ಜೋಡಿಸುವ ನರತಂತುಗಳ ಸೇತುವೆಯೂ ಸವೆದಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ, ಗಾಬರಿ ಬೇಡ. ಆದರೆ ಹಳೆಯ ಪೆಟ್ಟಿನ ಸಂಗತಿಯನ್ನು, ಎಷ್ಟೇ ವರ್ಷವಾಗಿರಲಿ, ಡಾಕ್ಟರರ ಮುಂದೆ ಮುಚ್ಚಿಡಬಾರದು.

ಹಾಗಾದರೆ ಮದ್ದು ಕೊಟ್ಟು ಆ ಉರಿಯನ್ನು ಆರಿಸಬಾರದೇ? ಪ್ರಯತ್ನಗಳು ನಡೆದಿವೆ. ತಲೆಗೆ ಪೆಟ್ಟಾದ ಕೂಡಲೇ ಸ್ಟೀರಾಯ್ಡ್ ಕೊಡುವುದು ಎಷ್ಟೋ ಆಸ್ಪತ್ರೆಗಳಲ್ಲಿ ರೂಢಿಯಾಗಿತ್ತು. ಹತ್ತು ಸಾವಿರ ರೋಗಿಗಳ ಮೇಲೆ ನಡೆದ ‘ಕ್ರ್ಯಾಶ್’ ಪರೀಕ್ಷೆಯ ಫಲಿತಾಂಶ 2004ರಲ್ಲಿ ಹೊರಬಂದಾಗ, ಸ್ಟೀರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚು ಎಂದು ಗೊತ್ತಾಯಿತು. ನಂತರ ಲಂಡನ್ನಿನಲ್ಲೇ, ಹಳೆಯ ಗಾಯದ ಕೆಲವು ರೋಗಿಗಳಿಗೆ ಮಿನೊಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ವರದಿಯಂತೆ ಮೈಕ್ರೊಗ್ಲಿಯಾಗಳ ಆರ್ಭಟವೇನೋ ತಗ್ಗಿತು. ಆದರೆ ನರತಂತು ಹಾಳಾಗುವಾಗ ರಕ್ತಕ್ಕೆ ಸೇರುವ ಪ್ರೋಟೀನ್ ಏರಿತು. ನಾವು ಶತ್ರು ಎಂದುಕೊಂಡ ಕೋಶಗಳು ಅಷ್ಟು ವರ್ಷಗಳ ಮೇಲೂ ಯಾವುದೋ ರಿಪೇರಿ ಕೆಲಸದಲ್ಲೇ ಇದ್ದವೋ ಏನೋ.