ಲಾವೊಕೂನನ ಬಲಗೈ: ಒಂದು ಪ್ರಕ್ಷಿಪ್ತ ಮತ್ತು ಅದರ ಪ್ರಭಾವ

1

ಹಳೆಯ ಕಾವ್ಯಗಳನ್ನು ಸಂಪಾದಿಸುವವರಿಗೆ ಗ್ರಂಥಪಾತವೂ ಪ್ರಕ್ಷಿಪ್ತವೂ ಹೊಸವಲ್ಲ. ಓಲೆ ಮುರಿದು ಪದ್ಯ ಕಳೆದುಹೋಗಿರುತ್ತದೆ. ಆ ಜಾಗದಲ್ಲಿ ಯಾರೋ ತಮ್ಮದೊಂದು ಪದ್ಯ ಸೇರಿಸಿರುತ್ತಾರೆ. ಮುಂದಿನ ಓದುಗರು ಅದನ್ನೇ ಕವಿಯದೆಂದು ನಂಬಿ ಕೊಂಡಾಡುತ್ತಾರೆ. ಕಲ್ಲಿನ ಕೃತಿಗೂ ಇದೇ ಗತಿ ಬರುವುದುಂಟು. ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿರುವ ಲಾವೊಕೂನ್ ಶಿಲ್ಪಸಮೂಹ ಅದಕ್ಕೆ ದೊಡ್ಡ ನಿದರ್ಶನ. ಯೂರೋಪಿನ ಕಲೆಯ ಮೇಲೆ ಈ ಶಿಲ್ಪ ಬೀರಿದ ಪ್ರಭಾವವನ್ನು ಕುರಿತು ಬೇಕಾದಷ್ಟು ಬರವಣಿಗೆ ಇದೆ. ಆದರೆ ಆ ಪ್ರಭಾವ ಯಾವ ಶಿಲ್ಪದ್ದು, ಯಾವ ಕಾಲದಲ್ಲಿ ಕಲಾವಿದರ ಕಣ್ಣಮುಂದೆ ಯಾವ ರೂಪ ಇತ್ತು ಎಂಬ ಪ್ರಶ್ನೆಯನ್ನು ಮೊದಲು ಬಿಡಿಸಿಕೊಳ್ಳಬೇಕು. ಮುಖ್ಯ ನಾಯಕನ ಬಲಗೈಯ ಚರಿತ್ರೆಯನ್ನು ಹಿಡಿದು ಆ ಪ್ರಶ್ನೆಯನ್ನು ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಕಥೆ ಟ್ರಾಯ್ ನಗರದ್ದು. ಗ್ರೀಕರು ಬಿಟ್ಟುಹೋದ ಮರದ ಕುದುರೆಯನ್ನು ನಂಬಬೇಡಿ ಎಂದು ಎಚ್ಚರಿಸಿದ ಪುರೋಹಿತ ಲಾವೊಕೂನನನ್ನೂ ಅವನ ಇಬ್ಬರು ಮಕ್ಕಳನ್ನೂ ಎರಡು ಹಾವುಗಳು ಸುತ್ತಿ ಕೊಲ್ಲುತ್ತವೆ. ಶಿಲ್ಪದಲ್ಲಿ ಒಂದು ಹಾವು ತಂದೆಯ ಎಡಸೊಂಟಕ್ಕೆ ಬಾಯಿ ಹಾಕಿದೆ. ಅವನ ಎಡಗೈ ಅದರ ಕುತ್ತಿಗೆಯನ್ನು ಅಮುಕಿದೆ. ಕಚ್ಚಿದ ಜಾಗದಿಂದ ಇಡೀ ಮೈ ಆಚೆಗೆ ಸೆಳೆದುಕೊಂಡಿದೆ. ಹೊಟ್ಟೆ ಒಳಕ್ಕೆ ಹೋಗಿ ಎದೆ ಉಬ್ಬಿದೆ. ಕಿರಿಯ ಮಗ ಆಗಲೇ ಸೋತಿದ್ದಾನೆ. ಹಿರಿಯವನು ಕಾಲಿನ ಸುತ್ತನ್ನು ಬಿಡಿಸಿಕೊಳ್ಳುತ್ತ ತಂದೆಯ ಕಡೆ ನೋಡುತ್ತಿದ್ದಾನೆ. ಮೂವರಲ್ಲಿ ಬದುಕಬಹುದಾದವನು ಅವನೊಬ್ಬನೇ ಎನ್ನಿಸುತ್ತದೆ.

2

ಈ ಶಿಲ್ಪ 1506ರ ಜನವರಿ 14ರಂದು ರೋಮಿನ ಎಸ್ಕ್ವಿಲೀನ್ ಗುಡ್ಡದ ದ್ರಾಕ್ಷಿತೋಟವೊಂದರ ನೆಲದಡಿ ಸಿಕ್ಕಿತು. ಪೋಪ್ ಎರಡನೆಯ ಜೂಲಿಯಸ್ ಸುದ್ದಿ ತಿಳಿದು ವಾಸ್ತುಶಿಲ್ಪಿ ಜುಲಿಯಾನೊ ದ ಸಂಗಾಲೊನನ್ನು ಕಳಿಸಿದ. ಜೊತೆಗೆ ಮೈಕೆಲಾಂಜೆಲೊ ಹೋದ. ಸಂಗಾಲೊನ ಮಗ ಫ್ರಾಂಚೆಸ್ಕೊ ಆಗಿನ್ನೂ ಹುಡುಗ. ಅಪ್ಪನ ಬೆನ್ನೇರಿ ಹೋಗಿದ್ದ. ಅರವತ್ತು ವರ್ಷಗಳ ಮೇಲೆ, 1567ರ ಪತ್ರವೊಂದರಲ್ಲಿ ಅವನು ಆ ದಿನವನ್ನು ನೆನೆದಿದ್ದಾನೆ: ಗುಂಡಿಯೊಳಗೆ ಇಳಿದು ನೋಡಿದ ಕೂಡಲೇ ಅಪ್ಪ, ಇದು ಪ್ಲಿನಿ ಹೇಳಿರುವ ಲಾವೊಕೂನ್ ಎಂದನಂತೆ. ಮೂರ್ತಿಯನ್ನು ಹೊರಗೆ ತೆಗೆಯಲು ಗುಂಡಿಯನ್ನು ಅಗಲಿಸಬೇಕಾಯಿತಂತೆ.

ಕಣ್ಣಿಗೆ ಬಿದ್ದದ್ದಕ್ಕೆ ಹದಿನಾಲ್ಕು ಶತಮಾನಗಳ ಹಿಂದಿನ ಪುಸ್ತಕದಿಂದ ಹೆಸರು ಸಿಕ್ಕಿತು ಎಂಬುದು ಇಲ್ಲಿ ಮುಖ್ಯ. ರೋಮನ್ ಲೇಖಕ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯ 36ನೇ ಸಂಪುಟದಲ್ಲಿ, ಟೈಟಸ್‌ನ ಮನೆಯಲ್ಲಿದ್ದ ಈ ಕೃತಿಯನ್ನು ಎಲ್ಲ ಚಿತ್ರ, ಕಂಚಿನ ಮೂರ್ತಿಗಳಿಗಿಂತ ಮೇಲೆಂದು ಎಣಿಸಿ, ರೋಡ್ಸ್ ದ್ವೀಪದ ಹಗೆಸಾಂಡ್ರೊಸ್, ಪಾಲಿಡೋರೊಸ್, ಅಥೆನೊಡೋರೊಸ್ ಎಂಬ ಮೂವರು ಇದನ್ನು ಒಂದೇ ಕಲ್ಲಿನಲ್ಲಿ ಕಡೆದರು ಎಂದಿದ್ದಾನೆ. ಕಲ್ಲು ಒಂದೇ ಅಲ್ಲ, ಹಲವು ತುಂಡುಗಳ ಜೋಡಣೆ ಎಂಬುದನ್ನು 1506ರಲ್ಲೇ ಶಿಲ್ಪಿಗಳು ಕಂಡುಕೊಂಡರು. ಪ್ಲಿನಿ ಕೊಟ್ಟ ಹೆಸರುಗಳಿಗೆ ಮಾತ್ರ 1957ರಲ್ಲಿ ಬಲವಾದ ಆಧಾರ ದೊರೆಯಿತು: ರೋಮ್‌ಗೂ ನೇಪಲ್ಸ್‌ಗೂ ನಡುವೆ ಕಡಲ ದಂಡೆಯ ಸ್ಪೆರ್ಲೋಂಗಾದ ಗುಹೆಯಲ್ಲಿ ಒಡಿಸ್ಯೂಸನ ಕಥೆಯ ಶಿಲ್ಪಗಳ ಚೂರುಗಳ ನಡುವೆ ಇದೇ ಮೂರು ಹೆಸರುಗಳ ಶಾಸನ ಸಿಕ್ಕಿತು. ಕಾಲನಿರ್ಣಯದ ವಿವಾದ ಇನ್ನೂ ಮುಗಿದಿಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ಪೆರ್ಗಮಾನ್ ಬಲಿಪೀಠದಲ್ಲಿ ಅಥೀನಾ ಹಿಡಿದೆಳೆಯುವ ದೈತ್ಯನ ಮೈಗೂ ಮುಖಕ್ಕೂ ಇದಕ್ಕೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುವಂಥದು. ಈಗಿರುವ ಅಮೃತಶಿಲೆಯ ಕೆಲಸ ಅದಕ್ಕಿಂತ ಒಂದು ಶತಮಾನವೋ ಇನ್ನೂ ಹೆಚ್ಚೋ ಈಚಿನದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

3

ಮೂರ್ತಿ ಸಿಕ್ಕಾಗ ತಂದೆಯ ಬಲಗೈ ಭುಜದಿಂದಲೇ ಇರಲಿಲ್ಲ. ಮಾರ್ಕೊ ದೆಂತೆಯ ತಾಮ್ರಫಲಕದ ಮುದ್ರಣಚಿತ್ರ ಅದನ್ನು ಹಾಗೆಯೇ, ಭಿನ್ನವಾಗಿಯೇ ತೋರಿಸುತ್ತದೆ. ವಾಸ್ತುಶಿಲ್ಪಿ ಬ್ರಮಾಂಟೆ ನಾಲ್ವರು ಶಿಲ್ಪಿಗಳಿಂದ ಮೇಣದಲ್ಲಿ ಪ್ರತಿಕೃತಿ ಮಾಡಿಸಿದನೆಂದೂ ರಾಫೆಲ್ ತೀರ್ಪುಗಾರನಾಗಿ ಯುವಕ ಯಾಕೊಪೊ ಸಾನ್ಸೊವಿನೊನದನ್ನು ಮೆಚ್ಚಿದನೆಂದೂ ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಆ ಮೇಣದಿಂದ ಎರಕ ಹೊಯ್ದ ಕಂಚು ಕಾರ್ಡಿನಲ್ ಗ್ರಿಮಾನಿಯ ಕೈಸೇರಿ ವೆನಿಸ್‌ಗೆ ಹೋಯಿತು. ಕೊನೆಗೆ 1532ರ ಹೊತ್ತಿಗೆ ಮೈಕೆಲಾಂಜೆಲೊನ ಶಿಷ್ಯ ಮೊಂಟೊರ್ಸೊಲಿ ಮೂಲಶಿಲ್ಪಕ್ಕೇ ಹೊಸ ಕೈಯೊಂದನ್ನು ಕೂಡಿಸಿದ. ಅದು ಆಕಾಶದ ಕಡೆ ಚಾಚಿದ, ಹಾವನ್ನು ಎತ್ತಿಹಿಡಿದ ನೀಳ ಕೈ.

ಆದ್ದರಿಂದ ಪ್ರಭಾವದ ಚರಿತ್ರೆಯನ್ನು ಮೂರು ಘಟ್ಟಗಳಾಗಿ ಓದುವುದು ಸರಿ: ಕೈಯಿಲ್ಲದ ಲಾವೊಕೂನ್, ಕೈ ಚಾಚಿದ ಲಾವೊಕೂನ್, ಕೈ ಮಡಿಸಿದ ಲಾವೊಕೂನ್.

ಮೊದಲ ಘಟ್ಟದವನು ಮೈಕೆಲಾಂಜೆಲೊ. ಜೂಲಿಯಸ್‌ನ ಸಮಾಧಿಗಾಗಿ ಅವನು 1513ರಿಂದ ಕಡೆದ, ಈಗ ಲೂವ್ರ್‌ನಲ್ಲಿರುವ ‘ಸಾಯುತ್ತಿರುವ ಗುಲಾಮ’ನ ಒಂದು ತೋಳು ಮಡಿಸಿ ತಲೆಯ ಹಿಂದೆ ಹೋಗಿದೆ, ಅದರ ಜೋಡಿ ಮೂರ್ತಿಯ ಮೈ ಕಟ್ಟಿನ ವಿರುದ್ಧ ತಿರುಚಿಕೊಂಡಿದೆ. ಅವನು ನೋಡಿದ್ದು ತೋಳಿಲ್ಲದ ಮುಂಡವನ್ನು, ಅದರ ಸ್ನಾಯುಗಳ ಸೆಳೆತವನ್ನು. ಲಾವೊಕೂನನ ಕೈ ಹಿಂದಕ್ಕೆ ಮಡಿಸಿತ್ತೆಂದು ಅವನು ಊಹಿಸಿದ್ದನೆಂಬ ಪ್ರತೀತಿ ಇದೆ. ಪ್ರತೀತಿಯನ್ನು ಪ್ರಮಾಣವಾಗಿ ಹಿಡಿಯದಿದ್ದರೂ ಆ ಮಡಿಸಿದ ತೋಳು ನಮ್ಮ ಮುಂದಿದೆ.

ಇಲ್ಲಿ ಅವಸರದ ತೀರ್ಮಾನವೊಂದರಿಂದ ದೂರವಿರಬೇಕು. ಚಾಚಿದ ಕೈಗಳೆಲ್ಲ ಮೊಂಟೊರ್ಸೊಲಿಯಿಂದ ಬಂದವಲ್ಲ. ಬ್ರೆಶಾ ಊರಿನ ಚರ್ಚಿಗೆ ಟಿಶಿಯನ್ 1522ರಲ್ಲಿ ಮುಗಿಸಿದ ಚಿತ್ರಫಲಕದಲ್ಲಿ ಮರಳಿ ಎದ್ದ ಕ್ರಿಸ್ತನ ಮೈತಿರುವು ಲಾವೊಕೂನನದೇ. ಅಲ್ಲಿ ತೋಳು ಆಗಲೇ ಮೇಲಕ್ಕೆ ಚಾಚಿದೆ. ಮೊಂಟೊರ್ಸೊಲಿಯ ಕೈಗೆ ಅದು ಹತ್ತು ವರ್ಷ ಹಿಂದಿನದು. ನೋವಿನ ಭಂಗಿಯನ್ನು ವಿಜಯದ ಭಂಗಿಯಾಗಿ ಮಾರ್ಪಡಿಸಿದ ಟಿಶಿಯನ್‌ಗೆ ಆ ಚಾಚು ಬೇಕಿತ್ತು. ಅಂದರೆ ನೀಳ ಕೈ ಒಬ್ಬ ಶಿಲ್ಪಿಯ ತಪ್ಪೆನ್ನುವುದಕ್ಕಿಂತ ಆ ಕಾಲದ ಕಣ್ಣಿನ ಬಯಕೆ ಎನ್ನುವುದು ಹೆಚ್ಚು ಸರಿ. ಎದುರಿಸಿ ನಿಂತ ವೀರನನ್ನು ಅವರು ಕಾಣಬಯಸಿದರು. ಕಲ್ಲು ಖಾಲಿ ಬಿಟ್ಟ ಜಾಗದಲ್ಲಿ ಅವನನ್ನು ಬರೆದುಕೊಂಡರು.

ಎರಡನೆಯ ಘಟ್ಟ ನಾಲ್ಕು ಶತಮಾನಗಳಿಗಿಂತ ಉದ್ದ. ಶಿಲ್ಪ ಯೂರೋಪಿಗೆಲ್ಲ ಪರಿಚಯವಾದದ್ದು ಬಹುಮಟ್ಟಿಗೆ ಅಚ್ಚು, ಮುದ್ರಣಚಿತ್ರಗಳ ಮೂಲಕ. ಜರ್ಮನ್ ಕಲಾಚರಿತ್ರಕಾರ ವಿಂಕೆಲ್ಮನ್ 1755ರಲ್ಲಿ ಈ ಮುಖದಲ್ಲಿ ನೋವನ್ನು ತಡೆದುಕೊಂಡ ಆತ್ಮದ ಘನತೆಯನ್ನು ಕಂಡಾಗ ಅವನಿನ್ನೂ ರೋಮ್ ನೋಡಿರಲಿಲ್ಲ. 1766ರ ‘ಲಾವೊಕೂನ್’ ಗ್ರಂಥದಲ್ಲಿ ಅವನಿಗೆ ಉತ್ತರ ಕೊಟ್ಟ ವಿಮರ್ಶಕ ಲೆಸಿಂಗ್ ಕೂಡ ಆಗ ಮೂಲವನ್ನು ಕಂಡಿರಲಿಲ್ಲ. ವರ್ಜಿಲ್‌ನ ಕಾವ್ಯದಲ್ಲಿ ಲಾವೊಕೂನ್ ಆರ್ಭಟಿಸುತ್ತಾನೆ. ಕಲ್ಲಿನಲ್ಲಿ ಏಕೆ ನಿಟ್ಟುಸಿರಷ್ಟೇ ಇದೆ? ಮಾತು ಕಾಲದಲ್ಲಿ ಹರಿಯುತ್ತದೆ, ಶಿಲ್ಪ ಒಂದೇ ಕ್ಷಣವನ್ನು ಹಿಡಿದು ನಿಲ್ಲಿಸುತ್ತದೆ. ತೆರೆದ ಬಾಯಿ ಅಲ್ಲಿ ಶಾಶ್ವತ ವಿಕಾರವಾಗುತ್ತದೆ ಎಂಬುದು ಲೆಸಿಂಗ್‌ನ ಉತ್ತರ. ಕಾವ್ಯ ಮತ್ತು ದೃಶ್ಯಕಲೆಗಳ ಗಡಿಯ ಚರ್ಚೆಗೆ ಇದು ಅಡಿಪಾಯವಾಯಿತು. ಈ ವಾದ ನಿಂತಿರುವುದು ಮುಖದ ಮೇಲೆ, ಮುಖ ಮೂಲದ್ದೇ. ಆದುದರಿಂದ ಕೈ ಬದಲಾದರೂ ವಾದ ಕುಸಿಯುವುದಿಲ್ಲ.

4

ಮೂರನೆಯ ಘಟ್ಟ ಒಂದು ತೋಳಿನಿಂದ ಮೊದಲಾಗುತ್ತದೆ. 20ನೇ ಶತಮಾನದ ಆರಂಭದಲ್ಲಿ ಪ್ರಾಗ್ ಮೂಲದ ಪುರಾತತ್ತ್ವಜ್ಞ ಲುಡ್ವಿಗ್ ಪೊಲಾಕ್ ರೋಮಿನ ಕಲ್ಲುಕುಟಿಗನೊಬ್ಬನ ಅಂಗಳದಲ್ಲಿ ಅಮೃತಶಿಲೆಯ ಮಡಿಸಿದ ತೋಳೊಂದನ್ನು ಕಂಡ. ಸ್ನಾಯುಗಳ ಉಬ್ಬು ಅವನಿಗೆ ಪರಿಚಿತವೆನಿಸಿ ಅದನ್ನು ವ್ಯಾಟಿಕನ್‌ಗೆ ಒಪ್ಪಿಸಿದ. ಅರ್ಧ ಶತಮಾನ ಅದು ಮೂರ್ತಿಯಿಂದ ಬೇರೆಯಾಗಿಯೇ ಉಳಿಯಿತು. 1957ರಲ್ಲಿ ಫಿಲಿಪೊ ಮಾಜಿ ಪರೀಕ್ಷಿಸಿದಾಗ ತೋಳಿನಲ್ಲಿ ಕೊರೆದ ರಂಧ್ರ ಭುಜದ ರಂಧ್ರಕ್ಕೆ ನೇರವಾಗಿ ಹೊಂದಿತು. ನೀಳ ಕೈಯನ್ನೂ ಮಕ್ಕಳಿಗೆ ನಂತರ ಸೇರಿಸಿದ್ದ ಭಾಗಗಳನ್ನೂ ತೆಗೆದು ಹಳೆಯ ತೋಳನ್ನು ಅದರ ಜಾಗದಲ್ಲಿಟ್ಟರು. ಪೊಲಾಕ್ ಅದನ್ನು ನೋಡಲಿಲ್ಲ. ಯಹೂದಿಯಾಗಿದ್ದ ಅವನನ್ನು 1943ರ ಅಕ್ಟೋಬರ್‌ನಲ್ಲಿ ನಾಜಿಗಳು ರೋಮಿನಿಂದ ಆಶ್‌ವಿಟ್ಸ್‌ಗೆ ಸಾಗಿಸಿದ್ದರು, ಅವನು ಮರಳಲಿಲ್ಲ. ಈ ಶಿಲ್ಪದ ಋಣಸಂದಾಯದಲ್ಲಿ ಅವನ ಹೆಸರು ರೋಡ್ಸಿನ ಮೂವರ ಪಕ್ಕದಲ್ಲಿ ಬರಬೇಕು.

ಕೈ ಮಡಿಸಿದ ಮೇಲೆ ಇಡೀ ಕೃತಿಯ ಓದು ಬದಲಾಯಿತು. ಚಾಚಿದ ಕೈ ನೋಡುವವನ ಕಣ್ಣನ್ನು ಶಿಲ್ಪದ ಆಚೆಗೆ ಒಯ್ಯುತ್ತಿತ್ತು. ಮಡಿಸಿದ ಕೈ ಅದನ್ನು ತಲೆಗೆ, ಅಲ್ಲಿಂದ ಎದೆಗೆ, ಕೊನೆಗೆ ಕಚ್ಚಿದ ಸೊಂಟಕ್ಕೆ ಮರಳಿಸುತ್ತದೆ. ವೀರದ ಪಾಲು ಕುಗ್ಗಿ ಕರುಣದ ಪಾಲು ಹಿಗ್ಗಿದೆ.

ಹಾಗೆಂದು ನೀಳ ಕೈಯ ಶತಮಾನಗಳನ್ನು ಅಳಿಸಿಹಾಕುವಂತಿಲ್ಲ. ಒಳ್ಳೆಯ ಸಂಪಾದಕ ಪ್ರಕ್ಷಿಪ್ತ ಪದ್ಯವನ್ನು ಮೂಲಪಾಠದಿಂದ ತೆಗೆಯುತ್ತಾನೆ, ಆದರೆ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ; ಅದನ್ನು ನಿಜವೆಂದು ನಂಬಿ ಹಾಡಿದವರ ಭಕ್ತಿ ಸುಳ್ಳಲ್ಲವೆಂದು ಅವನಿಗೆ ಗೊತ್ತು. ಲಾವೊಕೂನನ ಪ್ರಭಾವವನ್ನು ಕುರಿತು ಮುಂದೆ ಬರೆಯುವವರು ಪ್ರತಿ ಚಿತ್ರ, ಪ್ರತಿ ಪ್ರತಿಕೃತಿಯ ಎದುರು ಮೊದಲು ಇಷ್ಟನ್ನು ಕೇಳಿಕೊಂಡರೆ ಸಾಕು: ಇದನ್ನು ಮಾಡಿದವನು ನೋಡಿದ ಲಾವೊಕೂನನಿಗೆ ಯಾವ ಕೈ ಇತ್ತು?