ದೀಕ್ಷಾಸ್ನಾನವೂ ರಾಜ್ಯಾಧಿಕಾರವೂ: ಜ್ಯೂರಿಚ್ ನಗರದ ವಿವಾದ (1525–1527)

ಕ್ರೈಸ್ತಸಭೆಯನ್ನು ಪ್ರವೇಶಿಸುವ ಸಂಸ್ಕಾರಕ್ಕೆ ಕನ್ನಡದಲ್ಲಿ ದೀಕ್ಷಾಸ್ನಾನ, ಜ್ಞಾನಸ್ನಾನ ಎಂಬ ಹೆಸರುಗಳುಂಟು. ದೀಕ್ಷೆಯೆಂದರೆ ಕೊಡುವವನಿರುವಂತೆ ಅರಿತು ಬೇಡುವವನೂ ಇರಬೇಕೆಂಬುದು ನಮ್ಮಲ್ಲಿ ಸಾಮಾನ್ಯವಾದ ಭಾವನೆ. ಹಾಗಾದರೆ ಅರಿವು ಮೂಡದ ಹಸುಗೂಸಿಗೆ ಈ ಸ್ನಾನ ಸಲ್ಲುವುದೇ? ಹದಿನಾರನೆಯ ಶತಮಾನದಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಚ್ ನಗರದಲ್ಲಿ ಈ ಪ್ರಶ್ನೆ ಮರಣದಂಡನೆಯವರೆಗೆ ಹೋಯಿತು. ಧರ್ಮತತ್ತ್ವದ ಚರ್ಚೆಯೊಂದು ರಾಜ್ಯಾಪರಾಧವಾಗಿ ಪರಿಣಮಿಸಿದ ಬಗೆಯನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ನೀರಿನಲ್ಲಿ ಮುಳುಗುವುದು ಕ್ರಿಸ್ತನೊಡನೆ ಸಾಯುವುದರ, ಮೇಲೇಳುವುದು ಅವನೊಡನೆ ಹೊಸ ಬಾಳಿಗೆ ಏಳುವುದರ ಗುರುತೆಂದು ಸಂತ ಪೌಲನು ಬೋಧಿಸಿದನು. ಆದಿಕಾಲದ ಸಭೆಗೆ ಸೇರಿದವರಲ್ಲಿ ಪ್ರಾಪ್ತವಯಸ್ಕರೇ ಹೆಚ್ಚು. ಕ್ರಿ. ಶ. 200ರ ಸುಮಾರಿಗೆ ಟರ್ಟುಲಿಯನ್ ಮಕ್ಕಳ ದೀಕ್ಷೆಯನ್ನು ಮುಂದೂಡುವುದು ಲೇಸೆಂದನು. ಆ ಪದ್ಧತಿ ಆಗಲೇ ಇದ್ದಿತೆಂಬುದು ಇದರಿಂದಲೇ ವೇದ್ಯ. ಚಕ್ರವರ್ತಿ ಕಾನ್‌ಸ್ಟಂಟೈನನು 337ರಲ್ಲಿ, ಮರಣಶಯ್ಯೆಯಲ್ಲಿ, ದೀಕ್ಷೆ ಪಡೆದನು. ಅನಂತರ ಸಂತ ಅಗಸ್ಟೀನನ (354–430) ಜನ್ಮಪಾಪವಾದದ ಬಲದಿಂದ ಶಿಶುದೀಕ್ಷೆಯು ಪಶ್ಚಿಮ ಯೂರೋಪಿನಲ್ಲಿ ಸಾರ್ವತ್ರಿಕವಾಯಿತು. ಊರಿನಲ್ಲಿ ಹುಟ್ಟುವುದೂ ಸಭೆಗೆ ಸೇರುವುದೂ ಒಂದೇ ಆದುವು.

ಜ್ಯೂರಿಚ್‌ನಲ್ಲಿ ಮತಸುಧಾರಣೆಯ ನಾಯಕನಾದ ಜ್ವಿಂಗ್ಲಿಯ ಶಿಷ್ಯರೇ ಆಗಿದ್ದ ಕಾನ್ರಾಡ್ ಗ್ರೇಬೆಲ್, ಫೆಲಿಕ್ಸ್ ಮಾಂಟ್ಸ್ ಮೊದಲಾದವರು ಈ ಏಕತೆಯನ್ನು ಪ್ರಶ್ನಿಸಿದರು. ಮೊದಲು ನಂಬಿಕೆ, ಅನಂತರ ನೀರು. ಇದೇ ಶಾಸ್ತ್ರದ ಕ್ರಮವೆಂಬುದು ಅವರ ವಾದ. ಯೆಹೂದ್ಯರಿಗೆ ಸುನ್ನತಿಯು ದೇವರ ಒಡಂಬಡಿಕೆಯ ಗುರುತಾಗಿದ್ದಂತೆ ಕ್ರೈಸ್ತರಿಗೆ ದೀಕ್ಷಾಸ್ನಾನ. ಆದುದರಿಂದ ವಿಶ್ವಾಸಿಗಳ ಮಕ್ಕಳೂ ಅದಕ್ಕೆ ಅರ್ಹರೆಂದು ಜ್ವಿಂಗ್ಲಿ ಉತ್ತರವಿತ್ತನು. 1525ರ ಜನವರಿ 17ರಂದು ವಾದಸಭೆ ನಡೆಯಿತು. ನಗರಸಭೆಯು ಜ್ವಿಂಗ್ಲಿಯ ಪಕ್ಷವನ್ನು ಹಿಡಿದು, ಹುಟ್ಟಿದ ಶಿಶುವಿಗೆ ಎಂಟು ದಿನಗಳೊಳಗೆ ದೀಕ್ಷೆ ಕೊಡಿಸದವರನ್ನು ಗಡೀಪಾರು ಮಾಡುವುದಾಗಿ ಆಜ್ಞೆ ಹೊರಡಿಸಿತು. ಅದೇ ತಿಂಗಳ 21ರಂದು ಗ್ರೇಬೆಲನು ಪಾದ್ರಿಯಾಗಿದ್ದ ಜಾರ್ಜ್ ಬ್ಲಾರಾಕನಿಗೆ ಸ್ನಾನಮಾಡಿಸಿದನು. ಬ್ಲಾರಾಕನು ಉಳಿದವರಿಗೆ ಮಾಡಿಸಿದನು. ವಿರೋಧಿಗಳು ಇವರನ್ನು ಅನಾಬ್ಯಾಪ್ಟಿಸ್ಟರು, ಎಂದರೆ ಪುನರ್ದೀಕ್ಷಿತರು, ಎಂದು ಕರೆದರು. ಶೈಶವದಲ್ಲಿ ಆದದ್ದು ದೀಕ್ಷೆಯೇ ಅಲ್ಲವೆಂದು ನಂಬಿದ್ದ ಇವರಿಗೆ ಆ ಹೆಸರು ಒಪ್ಪಿಗೆಯಾಗಲಿಲ್ಲ.

ನಗರಸಭೆಗೆ ಇಷ್ಟು ಭಯವೇಕೆ? ನಗರದ ಪೌರರೂ ಸಭೆಯ ಸದಸ್ಯರೂ ಒಂದೇ ಸಮುದಾಯ. ದಶಮಾಂಶ ತೆರಿಗೆ, ಪೌರಪ್ರತಿಜ್ಞೆ, ಶಸ್ತ್ರಸೇವೆ ಇವೆಲ್ಲವೂ ಅದರ ಮೇಲೆ ನಿಂತಿದ್ದುವು. ಸ್ವಂತ ಸಮ್ಮತಿಯಿಂದಲೇ ಸಭೆಗೆ ಸೇರಬೇಕೆನ್ನುವವನು ನಗರಕ್ಕಿಂತ ಬೇರೆಯಾದ ಸಭೆಯೊಂದು ಇರಬಹುದೆಂದು ಹೇಳಿದಂತಾಯಿತು. 1525ರ ಜರ್ಮನ್ ರೈತದಂಗೆಯು ಈ ಭಯವನ್ನು ಹೆಚ್ಚಿಸಿತು. 1526ರ ಮಾರ್ಚ್ 7ರಂದು, ಪುನರ್ದೀಕ್ಷೆ ಕೊಡುವವರನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲಬೇಕೆಂದು ವಿಧಿಸಲಾಯಿತು. 1527ರ ಜನವರಿ 5ರಂದು ಕೈಕಟ್ಟಿದ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿದರು. ಹೊಸ ಬಾಳಿನ ಗುರುತಾದ ನೀರೇ ದಂಡನೆಯ ಸಾಧನವಾಯಿತು. ಜ್ಯೂರಿಚ್‌ನ ಪೌರನಲ್ಲದ ಬ್ಲಾರಾಕನನ್ನು ಹೊಡೆದು ಅಟ್ಟಿದರು. 1529ರಲ್ಲಿ ಟಿರೋಲ್ ಪ್ರಾಂತದಲ್ಲಿ ಅವನನ್ನು ಸುಟ್ಟರು. ಅದೇ ವರ್ಷ ಸ್ಪೈಯರ್‌ನ ಸಾಮ್ರಾಜ್ಯಸಭೆಯು ಈ ಮರಣದಂಡನೆಯನ್ನು ಸಾಮ್ರಾಜ್ಯಕ್ಕೆಲ್ಲ ವಿಸ್ತರಿಸಿತು.

ಜ್ವಿಂಗ್ಲಿಯನ್ನು ಕ್ರೂರಿಯೆಂದೂ ಅವನ ವಿರೋಧಿಗಳನ್ನು ಆಧುನಿಕ ಸ್ವಾತಂತ್ರ್ಯವಾದಿಗಳೆಂದೂ ಚಿತ್ರಿಸುವುದು ಸುಲಭ. ಆದರೆ ಅದು ಇತಿಹಾಸವಾಗದು. ಇಬ್ಬರೂ ಒಂದೇ ಗ್ರಂಥವನ್ನು ಪ್ರಮಾಣವೆಂದು ನಂಬಿದವರು. ಮಾಂಟ್ಸ್ ಕೇಳಿದ್ದು ಎಲ್ಲ ಮತಗಳಿಗೂ ಸಮಾನ ಹಕ್ಕನ್ನಲ್ಲ, ತನ್ನ ದೃಷ್ಟಿಯಲ್ಲಿ ಸತ್ಯವಾದ ಸಭೆಯನ್ನು. ಆದರೂ ನಂಬಿಕೆಯನ್ನು ರಾಜಾಜ್ಞೆಯಿಂದ ಉಂಟುಮಾಡಲಾಗದೆಂಬ ತತ್ತ್ವ ಆ ಬೇಡಿಕೆಯಲ್ಲಿ ಅಡಗಿದ್ದಿತು. ಜ್ಯೂರಿಚ್‌ನಲ್ಲಿ ಇದಕ್ಕಾಗಿ ಕೊನೆಯದಾಗಿ ಪ್ರಾಣತೆತ್ತವನು ಹಾನ್ಸ್ ಲಾಂಡಿಸ್, 1614ರಲ್ಲಿ. 2004ರಲ್ಲಿ ಅಲ್ಲಿನ ಸುಧಾರಿತ ಸಭೆಯು ಕ್ಷಮೆ ಯಾಚಿಸಿತು. ಲಿಮ್ಮಾಟ್ ತೀರದಲ್ಲಿ ಸ್ಮಾರಕಶಿಲೆಯನ್ನು ಇರಿಸಲಾಯಿತು. ಇಂದಿಗೂ ಕ್ಯಾಥೊಲಿಕ್, ಆರ್ಥಡಾಕ್ಸ್, ಲೂಥರನ್ ಸಭೆಗಳು ಶಿಶುಗಳಿಗೆ ದೀಕ್ಷೆ ಕೊಡುತ್ತವೆ. ಬ್ಯಾಪ್ಟಿಸ್ಟರೂ ಮೆನ್ನೊನೈಟರೂ ವಿಶ್ವಾಸವನ್ನು ಸ್ವತಃ ಒಪ್ಪಿಕೊಂಡವರಿಗೆ ಮಾತ್ರ ಕೊಡುತ್ತಾರೆ. ವಾದ ಮುಗಿದಿಲ್ಲ, ದಂಡನೆ ಮಾತ್ರ ಮುಗಿದಿದೆ. ಸಂಸ್ಕಾರಗಳ ಇತಿಹಾಸವನ್ನು ಅಭ್ಯಸಿಸುವವರು ಧರ್ಮಗ್ರಂಥಗಳೊಡನೆ ನಗರಸಭೆಗಳ ಆಜ್ಞೆಗಳನ್ನೂ ಓದಬೇಕೆಂಬುದು ಇದರಿಂದ ನಮಗೆ ತಿಳಿದುಬರುತ್ತದೆ.