ಮುಲ್ಕಿ ಅಂದ್ರ ಯಾರು?

371ಜೆ ಸರ್ಟಿಫಿಕೇಟ್ ಮಾಡಿಸಿದವರು ಕೈ ಎತ್ರಿ! ಇಂಥದ್ದೇ ಒಂದು ಕಾಗದ ನಿಜಾಮರ ಕಾಲದಲ್ಲೂ ಇತ್ತು.

ಆಗ ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ ಎಲ್ಲವೂ ಹೈದರಾಬಾದ್ ಸಂಸ್ಥಾನದೊಳಗಿದ್ದವು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲು ಶುರುವಾಯ್ತು. ಹೊರಗಿನವರು ಬರೋದು ಸುಲಭ ಆಯ್ತು, ನೌಕರಿ ಯಾರಿಗೆ ಅನ್ನೋ ಜಗಳನೂ ಬೆಳೀತು. ಸಂಸ್ಥಾನದವರು ಮುಲ್ಕಿ, ಹೊರಗಿನವರು ಗೈರ್‌ಮುಲ್ಕಿ. ಸರ್ಕಾರಿ ನೌಕರಿಗೆ ಮುಲ್ಕಿ ಆಗಿರಬೇಕಿತ್ತು.

ಹೊರಗಿನವರೂ ಮುಲ್ಕಿ ಆಗಬಹುದಿತ್ತು. ಅದಕ್ಕೆ 15 ವರ್ಷ ಇಲ್ಲೇ ಕಾಯಂ ಇರಬೇಕು. ಜೊತೆಗೆ, ‘ಹಿಂದಿನ ಊರಿಗೆ ಮರಳುವ ವಿಚಾರ ಬಿಟ್ಟಿದ್ದೇನೆ’ ಅಂತ ಮ್ಯಾಜಿಸ್ಟ್ರೇಟರ ಸಹಿ ಇರೋ ಅಫಿಡವಿಟ್ ಕೊಡಬೇಕು.

15 ವರ್ಷ ಇದ್ದದ್ದಕ್ಕೆ ನೆರೆಮನೆಯವರು ಸಾಕ್ಷಿ ಹೇಳ್ತಾರ. ಹುಟ್ಟಿದೂರಿನ ಆಸೆ ಬಿಟ್ಟಿದ್ದಕ್ಕ ಯಾರು ಸಾಕ್ಷಿ?

1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. 1950ರಲ್ಲಿ ಸಂವಿಧಾನ ಬಂತು, ಇಡೀ ದೇಶಕ್ಕೆ ಒಂದೇ ಪೌರತ್ವ. 1956ರಲ್ಲಿ ನಾವು ಮೈಸೂರು ರಾಜ್ಯದವರಾದೆವು. ಆದ್ರೂ ಹಿಂದುಳಿದೆವು. 2012ರ ತಿದ್ದುಪಡಿಯಿಂದ 371ಜೆ ಬಂತು. ಅದು ನೋಡೋದು ಎರಡೇ: ಇಲ್ಲಿ ಹುಟ್ಟಿದ್ದು, ಇಲ್ಲವೇ ಇಲ್ಲಿ ನೆಲೆಸಿದ್ದು.

ನಮಗೆ ಆ ಕಾಗದ ಬೇಕೇ ಬೇಕು. ಆದರ ಕ್ಲಾಸಿನಾಗ ಯಾರನ್ನಾದರೂ ‘ಹೊರಗಿನವ’ ಅನ್ನೋ ಮುಂಚೆ, ನಿಮ್ಮ ಮನಿತನ ಈ ಊರಿಗೆ ಯಾವಾಗ ಬಂತು ಅಂತ ಅಜ್ಜಿಗೆ ಒಮ್ಮೆ ಕೇಳ್ರಿ. ಉತ್ತರ ಕಮೆಂಟಿನಾಗ ಬರೀರಿ.